ಸ್ಲಿಪ್ಪರ್ ಆರ್ಕಿಡ್ ಅಲ್ಲಾಡುತ್ತಿದೆ, ಮಳೆಗಾಲದಲ್ಲಿ ರೀಪಾಟ್ ಮಾಡಬಹುದಾ?

ಕಾಳಿದಂಡೆ (ಕಾರವಾರ):
ತಲೆ ಕೆಟ್ಟು ಹೋಗಿದೆ. ನನ್ನ ಸ್ಲಿಪ್ಪರ್ ಆರ್ಕಿಡ್ (ಪ್ಯಾಫಿಯೋಪೆಡಿಲಮ್) ಎಲೆ ಎಲ್ಲ ಜೋತು ಬಿದ್ದಿವೆ. ನೀರು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಮುಟ್ಟಿದರೆ ಗಿಡ ಅಲ್ಲಾಡುತ್ತದೆ. ಒಬ್ಬರು ಮಳೆಗಾಲದಲ್ಲಿ ಪಾಟ್ ಮುಟ್ಟಲೇಬೇಡಿ ಅಂತಾರೆ, ಇನ್ನೊಬ್ಬರು ಮಳೆ ಹಿಡಿದಾಗಲೇ ಬದಲಿಸಿ ಅಂತಾರೆ. ಯಾವ ತಿಂಗಳು? ಒಂದೇ ಮಾತಲ್ಲಿ ಹೇಳಿ.

ತೋಟದಮನೆ (ಶಿರಸಿ):
ಇದು ಕೊಳೆ ರೋಗ, ಅನುಮಾನವೇ ಬೇಡ. ಈ ಮಳೆಗೆ ಅಡಿಕೆಗೆ ಬಂದ ಹಾಗೇ ಇದಕ್ಕೂ ಬಂದಿದೆ. 1% ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೆಯಿರಿ. ಪಾಟ್ ವಿಷಯ ಆಮೇಲೆ.

ಅಂಗಳದ ಹೂ (ಕುಮಟಾ):
ಭಾವ, ಆರ್ಕಿಡ್‌ಗೆ ಮೈಲುತುತ್ತು ಬೇಡ. ಎಳೆ ಚಿಗುರು ಸುಟ್ಟು ಹೋದೀತು. ಕಾಳಿದಂಡೆಯವರೇ, ಪಾಟ್ ಯಾವುದು, ಒಳಗೆ ಏನು ತುಂಬಿದ್ದೀರಿ, ಹೂ ಮುಗಿದು ಎಷ್ಟಾಯಿತು?

ಕಾಳಿದಂಡೆ:
ಮಾಮೂಲಿ ಪಾಟ್. ಹೂ ಬೇಸಿಗೆಗೆ ಮೊದಲೇ ಮುಗಿದಿದೆ. ನಾನು ಕೇಳಿದ್ದು ತಿಂಗಳು.

ತೋಟದಮನೆ:
ನಮ್ಮ ತೋಟದಲ್ಲಿ ವರ್ಷಾ ವರ್ಷಾ ಬೋರ್ಡೋ ಹೊಡೆಯುತ್ತೇವೆ, ಏನೂ ಸುಟ್ಟಿಲ್ಲ.

ಅಂಗಳದ ಹೂ:
ಅಡಿಕೆ ಮರ ಬೇರೆ, ಇದು ಬೇರೆ. ಮಾಮೂಲಿ ಅಂದರೆ ಮಣ್ಣಿನದಾ, ಪ್ಲಾಸ್ಟಿಕ್ಕಾ?

ಕಾಳಿದಂಡೆ:
ಪಿಂಗಾಣಿಯದು. ತಳಕ್ಕೆ ತೂತಿಲ್ಲ, ಜಗಲಿಯಲ್ಲಿ ಇಡೋದಲ್ವಾ. ನರ್ಸರಿಯಿಂದ ಬಂದ ತೆಂಗಿನ ನಾರಿನ ಪುಡಿಯ ಉಂಡೆ ಹಾಗೇ ಒಳಗಿದೆ. ಎಲ್ಲರೂ ಹಾಗೇ ತರೋದು ತಾನೇ?

ಅಂಗಳದ ಹೂ:
ಹಾಗಾದರೆ ತಿಂಗಳು ನೋಡಬೇಡಿ, ಇವತ್ತೇ ತೆಗೆಯಿರಿ. ಒಳ್ಳೆ ಗಿಡಕ್ಕೆ ಹೂ ಮುಗಿದು ಹೊಸ ಚಿಗುರು ಹೊರಡುವಾಗ ರೀಪಾಟ್ ಮಾಡಬೇಕು. ಒಂದೆರಡು ವರ್ಷಕ್ಕೊಮ್ಮೆ ಸಾಕು. ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಬೇಡ. ಆದರೆ ಒಳಗಿನ ಪುಡಿ ಕೊಳೆತಿದ್ದರೆ ಕಾಯೋ ಮಾತೇ ಇಲ್ಲ, ಹೂವಿದ್ದರೂ ಕತ್ತರಿಸಿ ಬದಲಿಸಬೇಕು. ಇದಕ್ಕೆ ಡೆಂಡ್ರೋಬಿಯಂ ಥರ ನೀರು ಕೂಡಿಡೋ ಗೆಡ್ಡೆ ಇಲ್ಲ. ಬೇರು ಹೋದರೆ ನೀರಲ್ಲಿ ಕೂತೇ ಬಾಡುತ್ತದೆ.

ಬೇರಿನ ಬಣ್ಣ ನೋಡಿ ಕತ್ತರಿ ಹಾಕಬೇಡಿ. ಸ್ಲಿಪ್ಪರ್ ಬೇರು ಹುಟ್ಟಾ ಕಂದು, ಮೈಮೇಲೆ ಸಣ್ಣ ರೋಮ. ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಸಿಪ್ಪೆ ಜಾರಿ ನೂಲು ಮಾತ್ರ ಕೈಗೆ ಬಂದರೆ ಸತ್ತಿದೆ.

ಅಂಕೋಲಾಗಿಡ:
ಮಿಶ್ರಣಕ್ಕೆ ಇದ್ದಿಲು, ಇಟ್ಟಿಗೆ ಚೂರು, ಮೇಲೆ ಒಂದು ಹಿಡಿ ಚಿಪ್ಪಿನ ಪುಡಿ. ಚಿಪ್ಪು ಇಲ್ಲೇ ಸಿಗುತ್ತದಲ್ಲ.

ಅಂಗಳದ ಹೂ:
ಚಿಪ್ಪು ಸುಣ್ಣಕಲ್ಲಲ್ಲಿ ಬೆಳೆಯೋ ನಿವಿಯಮ್, ಕಾಂಕಲರ್ ಥರದ ಸ್ಲಿಪ್ಪರ್ ಜಾತಿಗಳಿಗೆ ಮಾತ್ರ. ಎಲ್ಲಕ್ಕೂ ಹಾಕಬಾರದು. ಇಟ್ಟಿಗೆ ಜಾಸ್ತಿಯಾದರೂ ಬೇಗ ಒಣಗುತ್ತದೆ. ಸಣ್ಣ ತೊಗಟೆ ಚೂರೇ ಮುಖ್ಯ, ಜೊತೆಗೆ ಸ್ವಲ್ಪ ಇದ್ದಿಲು.

ಅಂಕೋಲಾಗಿಡ:
ನನ್ನ ಗಿಡಗಳೆಲ್ಲ ಇಟ್ಟಿಗೆಯಲ್ಲೇ ಚೆನ್ನಾಗಿವೆ. ಬೇಕಾದರೆ ಫೋಟೋ ಹಾಕುತ್ತೇನೆ.

ತೋಟದಮನೆ:
ಫೋಟೋ ಅಂದಿರಲ್ಲ, ನಮ್ಮ ಹಲಸಿನ ಮರದ ಮೇಲಿನ ಕಾಡು ಆರ್ಕಿಡ್ ಸೀತಾಳೆ ದಂಡೆ ನೋಡಬೇಕು ನೀವು. ಪಾಟೂ ಇಲ್ಲ, ತೊಗಟೆಯೂ ಇಲ್ಲ. ಮಳೆ ಶುರುವಾಗುವಾಗ ಗೊಂಚಲು ಗೊಂಚಲು. ಈ ಸ್ಲಿಪ್ಪರ್ ಕೂಡ ನಮ್ಮ ಘಟ್ಟದ್ದೇ ಅಲ್ವಾ?

ಅಂಗಳದ ಹೂ:
ನಮ್ಮ ಕಡೆಯದಲ್ಲ. ದಕ್ಷಿಣ ಭಾರತದಲ್ಲಿ ಕಾಡಲ್ಲಿ ಬೆಳೆಯೋ ಸ್ಲಿಪ್ಪರ್ ಒಂದೇ, ಡ್ರೂರಿಯೈ, ಅದೂ ಕೇರಳ-ತಮಿಳುನಾಡು ಗಡಿಯ ಅಗಸ್ತ್ಯಮಲೆ ಬೆಟ್ಟದಲ್ಲಿ. ಕಿತ್ತು ಕಿತ್ತೇ ಅದು ಅಳಿವಿನ ಅಂಚಿಗೆ ಬಂದಿದೆ. ಕಾಡಿನ ಗಿಡ ಅಂತ ಯಾರಾದರೂ ಮಾರಿದರೆ ದಯವಿಟ್ಟು ಕೊಳ್ಳಬೇಡಿ.

ಕಾಳಿದಂಡೆ:
ತೆಗೆದೆ. ಉಂಡೆ ಒಳಗೆ ಕೆಸರಾಗಿ ಹುಳಿ ವಾಸನೆ. ಬೇರೆಲ್ಲ ನೂಲು. ಗಟ್ಟಿ ಇರೋದು ಎರಡೇ. ಬುಡದಲ್ಲಿ ಒಂದು ಹಸಿರು ಮೊಳಕೆ ಇದೆ, ಪಕ್ಕದಲ್ಲಿ ಬಿಳಿ ತುದಿಯ ಚಿಕ್ಕ ಬೇರು. ಎಷ್ಟು ಆಳ ಇಡಲಿ?

ಅಂಗಳದ ಹೂ:
ಆ ಮೊಳಕೆ ಇದೆಯಲ್ಲ, ಗಿಡ ಉಳಿಯುತ್ತದೆ! ಬುಡ ಸುಮಾರು 1 ಸೆಂ.ಮೀ. ಮುಚ್ಚಲಿ. ಮೇಲೆ ಬಿಟ್ಟರೆ ಹೊಸ ಬೇರು ಗಾಳಿಗೆ ಒಣಗುತ್ತದೆ. ಬೇರು ಹಿಡಿಯೋವಷ್ಟು ಸಣ್ಣ ಪಾಟ್ ಸಾಕು, ತಳಕ್ಕೆ ತೂತಿರಲಿ. ಅಲ್ಲಾಡದ ಹಾಗೆ ಕಡ್ಡಿಗೆ ಕಟ್ಟಿ. ಮಳೆ ಎರಚಲು ಬೀಳದ ನೆರಳಲ್ಲಿಡಿ. ಬಾವಿ ನೀರು ಉಪ್ಪಿದ್ದರೆ ಬೇಡ, ಮಳೆ ನೀರು ಹಿಡಿದು ಹಾಕಿ. ಬೇರು ಹಿಡಿಯೋವರೆಗೆ ಗೊಬ್ಬರ ಬೇಡ.

ತೋಟದಮನೆ:
ಬೋರ್ಡೋ ಬೇಡ ಅಂದರೆ ಬೇರಿಗೆ ದಾಲ್ಚಿನ್ನಿ ಪುಡಿಯಾದರೂ ಹಚ್ಚಿ.

ಅಂಗಳದ ಹೂ:
ಬೇರಿಗೆ ಬೇಡ ಭಾವ, ಒಣಗಿಸುತ್ತದೆ. ಎಲೆ ಕತ್ತರಿಸಿದಲ್ಲಿ ಹಚ್ಚಬಹುದು.

ಕಾಳಿದಂಡೆ:
ಸಣ್ಣ ತೊಗಟೆ ಕಾರವಾರದಲ್ಲಿ ಎಲ್ಲೂ ಸಿಕ್ಕಿಲ್ಲ. ತೆಂಗಿನ ಸಿಪ್ಪೆ ಚೂರು ನಡೆಯುತ್ತದಾ?

ಅಂಕೋಲಾಗಿಡ:
ನಡೆಯುತ್ತದೆ. ಉಪ್ಪಿನಂಶ ಹೋಗೋವರೆಗೆ ಸಿಹಿನೀರು ಬದಲಿಸ್ತಾ ನೆನೆಸಿಡಿ. ಇಟ್ಟಿಗೆ ಚೂರೂ ಸೇರಿಸಿ, ನಾನು ಈಗಲೂ ಹೇಳುತ್ತೇನೆ.