ನಿಕೋ ಇಲ್ಲದ ಐರನ್ ಮೇಡನ್: 50 ವರ್ಷ ಆದ ಮೇಲೂ ಈ ಬ್ಯಾಂಡ್ ನಿಂತಿರುವುದು ಯಾವುದರ ಮೇಲೆ?

ಸರಸ್ವತಿಪುರಂ ಬೇಸ್:

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಕೇಳುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಿಕೋ ಮ್ಯಾಕ್‌ಬ್ರೇನ್ ಪ್ರವಾಸಗಳಿಗೆ ವಿದಾಯ ಹೇಳಿದರು. ನಾಲ್ಕು ದಶಕ ಆ ಡ್ರಮ್ಸ್ ಹಿಂದೆ ಕೂತಿದ್ದ ಮನುಷ್ಯ. ಈಗ ಆ ಜಾಗದಲ್ಲಿ ಸೈಮನ್ ಡಾಸನ್ ಇದ್ದಾರೆ. 2025ರ ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ 50ನೇ ವರ್ಷದ ಪ್ರವಾಸವೂ ಶುರುವಾಯಿತು.

ನಮ್ಮ ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ, ಈಗೀಗ ಬೇಸ್ ಗಿಟಾರ್ ಹಿಡಿದಿದ್ದಾನೆ. ಅವನು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. "ಮಾಮ, ಹಾಡುವವರು ಬದಲಾದರು, ಡ್ರಮ್ಮರ್ ಬದಲಾದರು, ಗಿಟಾರಿನವರು ಹೋದರು, ಬಂದರು. ಹಾಗಾದ್ರೆ ನೀನು ಕೇಳ್ತಿರೋದು ಯಾರನ್ನ?"

ನನ್ನ ಉತ್ತರ ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್. 1975ರ ಕ್ರಿಸ್‌ಮಸ್ ದಿನ ಲಂಡನ್ನಿನ ಪೂರ್ವ ಭಾಗದಲ್ಲಿ ಈ ಬ್ಯಾಂಡ್ ಕಟ್ಟಿದ್ದು ಅವರು. ಮೊದಲ ಆಲ್ಬಮ್‌ನಿಂದ ಇವತ್ತಿನವರೆಗೆ ಎಲ್ಲ ಆಲ್ಬಮ್‌ಗಳಲ್ಲೂ ಇರುವವರು ಇಬ್ಬರೇ, ಹ್ಯಾರಿಸ್ ಮತ್ತು ಗಿಟಾರಿನ ಡೇವ್ ಮರ್ರಿ. ಆದರೆ ಬರೀ ಉಳಿದುಕೊಂಡಿದ್ದಾರೆ ಅನ್ನುವ ಕಾರಣಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಹೆಚ್ಚಿನ ರಾಕ್ ಬ್ಯಾಂಡ್‌ಗಳಲ್ಲಿ ಬೇಸ್ ಎಲ್ಲೋ ಹಿಂದೆ ಇರುತ್ತದೆ, ಎದೆಗೆ ತಾಗುತ್ತದೆ, ಕಿವಿಗೆ ಬೀಳುವುದಿಲ್ಲ. ಮೇಡನ್‌ನಲ್ಲಿ ಬೇಸ್ ಎಲ್ಲರಿಗಿಂತ ಮುಂದೆ. ಹ್ಯಾರಿಸ್ ತಂತಿ ಮೀಟಲು ಪಿಕ್ ಎಂಬ ಪುಟ್ಟ ತುಣುಕು ಹಿಡಿಯುವುದಿಲ್ಲ, ತೋರುಬೆರಳು, ನಡುಬೆರಳು ಎರಡರಲ್ಲೇ ಅಷ್ಟು ವೇಗ. ತಂತಿ ಫ್ರೆಟ್‌ಗೆ ಬಡಿದು ಟಕಟಕ ಎನ್ನುವ ಸದ್ದು ಕೇಳುತ್ತದೆ ನೋಡಿ, ಒಳ್ಳೆ ಹೆಡ್‌ಫೋನ್ ಹಾಕಿಕೊಂಡರೆ ಗಿಟಾರುಗಳ ನಡುವೆಯೂ ಅದು ಸ್ಪಷ್ಟವಾಗಿ ಸಿಗುತ್ತದೆ. ಎಷ್ಟೇ ಜನ ಬದಲಾದರೂ ಆ ಸದ್ದು ಬಂದ ತಕ್ಷಣ ಇದು ಮೇಡನ್ ಎಂದು ಗೊತ್ತಾಗುತ್ತದೆ.

ಇನ್ನೊಂದು ಮಾತು. ಇವರು ಹಳೇ ಹಾಡುಗಳನ್ನು ಮಾರಿಕೊಂಡು ಬದುಕಿದವರಲ್ಲ. 2006ರಲ್ಲಿ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಬಂದಾಗ ಪ್ರವಾಸದಲ್ಲಿ ಆ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ ಪೂರ್ತಿ ನುಡಿಸಿದರು. ಜನ ಹಳೆಯದು ಕೇಳೋಕೆ ಬಂದಿರುತ್ತಾರೆ ಎಂದು ಗೊತ್ತಿದ್ದೂ. ಆ ಧೈರ್ಯ ಎಷ್ಟು ಬ್ಯಾಂಡ್‌ಗಳಿಗಿದೆ? ಹಾಡುಗಾರ ಬ್ರೂಸ್ ಡಿಕಿನ್ಸನ್ ನಾಲಿಗೆ ಹತ್ತಿರದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು 2015ರಲ್ಲಿ ಹುಷಾರಾದರು, ಅದೇ ವರ್ಷ 'ದಿ ಬುಕ್ ಆಫ್ ಸೋಲ್ಸ್' ಬಂತು, ಬ್ಯಾಂಡಿನ ಮೊದಲ ಡಬಲ್ ಸ್ಟುಡಿಯೊ ಆಲ್ಬಮ್. ಅದರ ಕೊನೆಯ ಹಾಡು 18 ನಿಮಿಷದ್ದು. 1930ರಲ್ಲಿ ಬಿದ್ದು ಉರಿದುಹೋದ ಆರ್101 ಎಂಬ ಬ್ರಿಟಿಷ್ ವಾಯುನೌಕೆಯ ಕಥೆ, ಡಿಕಿನ್ಸನ್ ಪಿಯಾನೊ ಮುಂದೆ ಕೂತು ಬರೆದದ್ದು. ನಲವತ್ತು ವರ್ಷ ಆದ ಬ್ಯಾಂಡ್ ತನ್ನ ಅತಿ ಉದ್ದದ ಹಾಡನ್ನು ಆಗ ಮಾಡುತ್ತದೆ ಎಂದರೆ ನನಗೆ ಈಗಲೂ ಮೈ ಜುಮ್ ಎನ್ನುತ್ತದೆ.

ನಿಮ್ಮ ಪ್ರಕಾರ ಈ ಬ್ಯಾಂಡಿನ ಜೀವ ಎಲ್ಲಿದೆ? ಹುಡುಗ ಯಾವ ಆಲ್ಬಮ್‌ನಿಂದ ಶುರು ಮಾಡಲಿ?

ಮಂಡ್ಯದ ಡ್ರಮ್ಸ್:

ಸರ್, ಹ್ಯಾರಿಸ್ ಬಗ್ಗೆ ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಬೇಡಿ. ನಾನು ನಮ್ಮೂರ ಕಡೆ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು. ಮದ್ದೂರು, ಪಾಂಡವಪುರ, ಎಲ್ಲಿ ಪೆಂಡಾಲ್ ಹಾಕಿದರೂ ಹೋಗುತ್ತೇನೆ. ಬೇಸ್ ಎಷ್ಟೇ ಓಡಲಿ, ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್ ಒಂದು ಕೂದಲೆಳೆ ಹಿಂದೆ ಬಿದ್ದರೆ ಹಾಡು ಕುಸಿಯುತ್ತದೆ.

ನಿಕೋ ಬಗ್ಗೆ ಹುಡುಗನಿಗೆ ಇದನ್ನು ಹೇಳಿ. ಮೆಟಲ್ ನುಡಿಸುವವರು ಸಾಮಾನ್ಯವಾಗಿ ಕಿಕ್ ಡ್ರಮ್‌ಗೆ ಡಬಲ್ ಪೆಡಲ್ ಇಟ್ಟು ಎರಡೂ ಕಾಲಲ್ಲಿ ಹೊಡೆಯುತ್ತಾರೆ. ನಿಕೋ ಬಹುತೇಕ ಇಡೀ ಜೀವನ ಒಂದೇ ಪೆಡಲ್, ಒಂದೇ ಕಾಲು, ಅದೂ ಬರಿಗಾಲು. 1983ರ 'ಪೀಸ್ ಆಫ್ ಮೈಂಡ್' ಅವರ ಮೊದಲ ಮೇಡನ್ ಆಲ್ಬಮ್. ಮೊದಲ ಹಾಡೇ ಅವರ ಡ್ರಮ್ಸ್‌ನಿಂದ ಶುರು. ಆ ಹಾಡಿನಲ್ಲಿ ಬಲಗಾಲಿನ ಕೆಲಸ ಗಮನವಿಟ್ಟು ಕೇಳಿ, ಎರಡು ಕಾಲು ಎಂದು ನೀವು ಪ್ರಮಾಣ ಮಾಡುತ್ತೀರಿ. ನಾನು ಅದನ್ನು ಅರ್ಧ ವೇಗದಲ್ಲಿ ಹಾಕಿಕೊಂಡು ಅಭ್ಯಾಸ ಮಾಡುವಾಗಲೂ ಮೀನಖಂಡ ಹಿಡಿದುಕೊಳ್ಳುತ್ತದೆ.

2023ರ ಜನವರಿಯಲ್ಲಿ ಆ ಮನುಷ್ಯನಿಗೆ ಸ್ಟ್ರೋಕ್ ಆಯಿತು. ಬಲಭಾಗಕ್ಕೇ ಏಟು. ಅದೇ ವರ್ಷ ಮೇ ತಿಂಗಳಲ್ಲಿ ಪ್ರವಾಸ ಶುರುವಾದಾಗ ವೇದಿಕೆ ಮೇಲಿದ್ದರು, 70 ದಾಟಿದ ವಯಸ್ಸಿನಲ್ಲಿ. ಸಾಲುಗಳ ನಡುವೆ ತುಂಬುವ ಕೆಲವು ವೇಗದ ಏಟುಗಳು, ಅಂದರೆ ಫಿಲ್‌ಗಳು, ಕೈಗೆ ಬರುತ್ತಿರಲಿಲ್ಲ, ಬೇರೆ ಥರ ನುಡಿಸಿದರು. ವಿಷಯ ಹೊರಗೆ ಹೇಳಿದ್ದು ಆಗಸ್ಟ್‌ನಲ್ಲಿ. ಆ ಪ್ರವಾಸದಲ್ಲೇ 1986ರ 'ಅಲೆಕ್ಸಾಂಡರ್ ದಿ ಗ್ರೇಟ್' ಹಾಡನ್ನು ಮೊದಲ ಸಲ ವೇದಿಕೆಗೆ ತಂದರು. ಅಭಿಮಾನಿಗಳು 37 ವರ್ಷ ಕಾದಿದ್ದ ಹಾಡು ಅದು, ಬಂದದ್ದು ಡ್ರಮ್ಮರ್‌ಗೆ ಹೀಗಾದ ವರ್ಷ. ಇದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಅವರಿಗೂ ಮುಂಚೆ ಇದ್ದ ಕ್ಲೈವ್ ಬರ್ ಅವರನ್ನೂ ಮರೆಯಬೇಡಿ. ಮೊದಲ ಮೂರು ಆಲ್ಬಮ್ ಅವರದ್ದು. ಆಮೇಲೆ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಬಂತು, ವೀಲ್‌ಚೇರ್ ಹಿಡಿದರು. ಬ್ಯಾಂಡ್ ಬಿಟ್ಟು ಎಷ್ಟೋ ವರ್ಷ ಆಗಿದ್ದರೂ ಮೇಡನ್‌ನವರು ಅವರ ಹೆಸರಲ್ಲಿ ನಿಧಿ ಮಾಡಿ ಶೋಗಳನ್ನು ಕೊಟ್ಟರು. 2013ರಲ್ಲಿ ಬರ್ ತೀರಿಕೊಂಡರು.

ಲಯದ ಮನೆ:

ನಾನು ಮೃದಂಗ ಕಲಿತವಳು, ರಾಕ್‌ಗೆ ಬಂದದ್ದು ತಮ್ಮನ ರೂಮಿನ ಗೋಡೆ ದಾಟಿ ಬರುತ್ತಿದ್ದ ಸದ್ದಿನಿಂದ. ಮೇಡನ್‌ನ ಆ ಕುದುರೆ ಓಟದ ನಡೆ ಇದೆಯಲ್ಲ, ಅದನ್ನು ನಾವು ಸೊಲ್ಲು ಕಟ್ಟಿ ಹೇಳಬಹುದು. ಚತುರಶ್ರ ನಡೆ, ಒಂದು ಅಕ್ಷರಕ್ಕೆ ನಾಲ್ಕು ಮಾತ್ರೆ. ಮೊದಲ ಏಟು ಎರಡು ಮಾತ್ರೆ ತಿನ್ನುತ್ತದೆ, ಮುಂದಿನ ಎರಡು ಏಟು ಒಂದೊಂದು ಮಾತ್ರೆ. ತಾ, ಕಿಟ. ತಾ, ಕಿಟ. ತಾ, ಕಿಟ. ಹುಡುಗನಿಗೆ ಮೊದಲು ಇದನ್ನು ಬಾಯಲ್ಲಿ ಹೇಳಿಸಿ, ತೊಡೆ ಮೇಲೆ ತಾಳ ಹಾಕಿಸಿ, ಆಮೇಲೆ ತಂತಿ ಮುಟ್ಟಲಿ. 'ದಿ ಟ್ರೂಪರ್' ಹಾಡಿನಲ್ಲಿ ಈ ನಡೆ ಸುಮ್ನೆ ಬಂದದ್ದಲ್ಲ. 1854ರ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಕುದುರೆ ಸವಾರರು ರಷ್ಯನ್ ಫಿರಂಗಿಗಳ ಎದುರಿಗೇ ನುಗ್ಗಿದ ಕಥೆ ಅದು. ಸಾಹಿತ್ಯ ಅರ್ಥ ಆಗದಿದ್ದ ವಯಸ್ಸಿನಲ್ಲೂ ನನಗೆ ಕುದುರೆ ಕೇಳಿಸುತ್ತಿತ್ತು.

ಅದರ ಮೇಲೆ ಎರಡು ಗಿಟಾರು ಒಟ್ಟಿಗೆ ಹೋಗುತ್ತವೆ. ಒಂದು ಷಡ್ಜದಲ್ಲಿದ್ದರೆ ಇನ್ನೊಂದು ಗಾಂಧಾರದಲ್ಲಿ, ಹಾಗೇ ಜೋಡಿಯಾಗಿ ಮೆಟ್ಟಿಲು ಹತ್ತಿ ಇಳಿಯುತ್ತವೆ. ಕಛೇರಿಯಲ್ಲಿ ಹಾಡುವವರ ಹಿಂದೆ ಪಿಟೀಲು ಹೋಗುತ್ತದೆ, ಜೊತೆಗೆ ಬೇರೆ ಸ್ವರದಲ್ಲಿ ಹೋಗುವುದಿಲ್ಲ. ನನ್ನ ಕಿವಿಗೆ ಅದು ಹೊಚ್ಚ ಹೊಸದು, ಅದಕ್ಕೇ ಹಿಡಿದುಕೊಂಡಿತು. ನನ್ನನ್ನು ಕೇಳಿದರೆ ಮೇಡನ್‌ನ ಜೀವ ಈ ಎರಡರಲ್ಲಿ ಇದೆ, ತಾಕಿಟ ಮತ್ತು ಜೋಡಿ ಗಿಟಾರು. ಯಾರು ನುಡಿಸಿದರೂ ಅವೆರಡು ಇದ್ದರೆ ಅದು ಮೇಡನ್.

ಕೆಲವರು ಮೈಸೂರಿನವರಿಗೆ ಯಾಕೆ ಈ ಪಾಶ್ಚಾತ್ಯ ಗಲಾಟೆ ಎನ್ನುತ್ತಾರೆ. ಜಯಚಾಮರಾಜ ಒಡೆಯರ್ ಅವರು ರಷ್ಯನ್ ಸಂಗೀತಗಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದಲ್ಲೇ ಹಣ ಕೊಟ್ಟವರು. ಈ ಊರಿಗೆ ಆ ಕಡೆಯ ಸಂಗೀತ ಹೊಸದೇನಲ್ಲ.

ಕ್ಯಾಸೆಟ್ ಕಾಲ:

ಸರಸ್ವತಿಪುರಂ ಗುರುಗಳೇ, ಒಂದು ಮಾತಿಗೆ ನನ್ನ ತಕರಾರಿದೆ. ಹಳೇದನ್ನು ಮಾರಿಕೊಂಡು ಬದುಕಿಲ್ಲ ಎಂದಿರಿ. ಈಗ ನಡೆಯುತ್ತಿರುವ 50ನೇ ವರ್ಷದ ಪ್ರವಾಸದ ಹಾಡುಗಳೆಲ್ಲ 1980ರಿಂದ 1992ರವರೆಗಿನ ಒಂಬತ್ತು ಆಲ್ಬಮ್‌ಗಳಿಂದಲೇ. 2000ದ ನಂತರದ್ದು ಒಂದೂ ಇಲ್ಲ. ನನಗೆ ಬೇಜಾರಿಲ್ಲ, ಆದರೆ ವಾದಕ್ಕೆ ಅದು ಎದುರು ನಿಲ್ಲುತ್ತದೆ ಅಲ್ವಾ?

ನನಗೆ ಇವರ ದೊಡ್ಡತನ ಕಾಣುವುದು ಬ್ಲೇಜ್ ಬೇಲಿ ವಿಷಯದಲ್ಲಿ. ಡಿಕಿನ್ಸನ್ 1993ರಲ್ಲಿ ಬಿಟ್ಟು ಹೋದರು, ಬ್ಲೇಜ್ ಬಂದು ಎರಡು ಆಲ್ಬಮ್ ಹಾಡಿದರು. ಜನ ಅವರನ್ನು ಒಪ್ಪಲೇ ಇಲ್ಲ, ಸಭಾಂಗಣಗಳು ಚಿಕ್ಕದಾದವು. 1999ರಲ್ಲಿ ಡಿಕಿನ್ಸನ್ ಮತ್ತು ಗಿಟಾರಿನ ಏಡ್ರಿಯನ್ ಸ್ಮಿತ್ ವಾಪಸ್ ಬಂದರು. ಬೇರೆ ಯಾರಾದರೂ ಆಗಿದ್ದರೆ ನಡುವಿನ ಆ ಐದು ವರ್ಷವನ್ನು ಒರೆಸಿ ಹಾಕುತ್ತಿದ್ದರು. ಇವರು 2001ರ ರಿಯೊ ಶೋನಲ್ಲಿ ಬ್ಲೇಜ್ ಕಾಲದ ಎರಡು ಉದ್ದನೆಯ ಹಾಡುಗಳನ್ನು ಅಷ್ಟು ದೊಡ್ಡ ಜನಸಾಗರದ ಮುಂದೆ ಹಾಡಿದರು, ಡಿಕಿನ್ಸನ್ ತಮ್ಮದೇ ಹಾಡು ಎನ್ನುವಂತೆ ಹಾಡಿದರು. ಸ್ಮಿತ್ ಬಂದರು ಎಂದು ಅವರ ಜಾಗದಲ್ಲಿದ್ದ ಯಾನಿಕ್ ಗೆರ್ಸ್ ಅವರನ್ನು ಕಳಿಸಲೂ ಇಲ್ಲ, ಮೂರು ಗಿಟಾರು ಇಟ್ಟುಕೊಂಡರು.

ಇನ್ನು ನಮ್ಮ ಕಡೆಯ ವಿಷಯ. ಬ್ಯಾಂಡ್ ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ, 2007ರ ಮಾರ್ಚ್ 17ರಂದು. ಮೈಸೂರಿನಿಂದ ನಮ್ಮ ಗುಂಪು ರೈಲಿನಲ್ಲಿ ಹೋಗಿತ್ತು, ಬೋಗಿಯಲ್ಲಿ ಅರ್ಧಕ್ಕರ್ಧ ಕಪ್ಪು ಟೀ ಶರ್ಟು. ರಾಮನಗರದ ಹತ್ತಿರ ಯಾರೋ ಒಬ್ಬ ಹಾಡು ಎತ್ತಿಕೊಂಡ, ಗುರುತು ಪರಿಚಯ ಇಲ್ಲದ ಹುಡುಗರು ಬಾಗಿಲ ಹತ್ತಿರದಿಂದ ಗಿಟಾರ್ ಭಾಗವನ್ನು ಬಾಯಲ್ಲೇ ಹಾಡಿದರು. ಅದೇ ರಾತ್ರಿ ವೆಸ್ಟ್ ಇಂಡೀಸ್‌ನಲ್ಲಿ ವಿಶ್ವಕಪ್, ಭಾರತ ಬಾಂಗ್ಲಾದೇಶದ ಕೈಲಿ ಸೋತ ಮ್ಯಾಚು. ಮೈದಾನದಲ್ಲಿ ನಮ್ಮ ಸುತ್ತ ಇದ್ದ ಒಬ್ಬರೂ ಸ್ಕೋರ್ ಕೇಳಲಿಲ್ಲ. 2000ದ ನಂತರದ ಹಾಡುಗಳಿಗೂ ಜನ ಪದ ಬಿಡದೆ ಹಾಡುತ್ತಿದ್ದರು. ಮರುವರ್ಷ ಮುಂಬೈನಿಂದ ವಿಶ್ವ ಪ್ರವಾಸ ಶುರು ಮಾಡಿದರಲ್ಲ, ಡಿಕಿನ್ಸನ್ ತಾವೇ ಬೋಯಿಂಗ್ 757 ಓಡಿಸಿಕೊಂಡು ಬಂದದ್ದು. 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು. ರೇಡಿಯೊದವರು ಕೈಬಿಟ್ಟರೂ ಈ ಬ್ಯಾಂಡ್ ಬೆಳೆದದ್ದು ಹೀಗೆ ಊರೂರಿಗೆ ಹೋಗಿ ನುಡಿಸಿದ್ದರಿಂದ.

ಸರಸ್ವತಿಪುರಂ ಬೇಸ್:

ಕ್ಯಾಸೆಟ್ ಕಾಲದವರೇ, ನಿಮ್ಮ ತಕರಾರು ನ್ಯಾಯವಾದದ್ದು. ಆದರೂ ಒಂದು ಪ್ರವಾಸ ಹಿಂದೆ ಹೋಗಿ ನೋಡಿ. 2023, 24ರಲ್ಲಿ 'ಸೆಂಜುಟ್ಸು' ಎಂಬ 2021ರ ಆಲ್ಬಮ್ಮನ್ನು 1986ರ ಆಲ್ಬಮ್ ಪಕ್ಕದಲ್ಲೇ ನಿಲ್ಲಿಸಿ ನುಡಿಸಿದರು. ಐವತ್ತು ವರ್ಷಕ್ಕೊಂದು ಸಲ ಹಳೆಯದನ್ನು ಹಬ್ಬ ಮಾಡಿಕೊಳ್ಳಲಿ ಬಿಡಿ, ಅದು ಅವರು ದುಡಿದು ಗಳಿಸಿದ ಹಕ್ಕು.

ಬ್ಲೇಜ್ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಅಕ್ಕನ ಮಗನ ಪ್ರಶ್ನೆಗೆ ಅದೇ ಸರಿಯಾದ ಉತ್ತರ ಅನ್ನಿಸುತ್ತಿದೆ. ಹೋದವರ ಹಾಡನ್ನೂ ತಮ್ಮದೇ ಎಂದು ಇಟ್ಟುಕೊಂಡರು, ಬರ್ ಅವರನ್ನು ನೋಡಿಕೊಂಡರು. ಲಯದ ಮನೆ ಮೇಡಂ, ತಾಕಿಟ ಇವತ್ತು ಸಂಜೆಯೇ ಹೇಳಿಸುತ್ತೇನೆ.

ಮಂಡ್ಯದ ಡ್ರಮ್ಸ್:

ಆಲ್ಬಮ್ ಯಾವುದು ಎಂದು ಯಾರೂ ಹೇಳಲೇ ಇಲ್ಲ! 1984ರ 'ಪವರ್‌ಸ್ಲೇವ್' ಕೊಡಿ. ಮೊದಲ ಎರಡು ಹಾಡು ಓಡಿಸುತ್ತವೆ, ಕೊನೆಯದು ಕೋಲ್‌ರಿಜ್ ಕವಿಯ ಹಡಗಿನ ಕಥೆ, 13 ನಿಮಿಷ ದಾಟುತ್ತದೆ. ಆ ಹಾಡಿನ ಮಧ್ಯೆ ಡ್ರಮ್ಸ್ ಪೂರ್ತಿ ನಿಂತು ಬೇಸ್ ಒಂದೇ ಮೆಲ್ಲಗೆ ನಡೆಯುವ ಜಾಗ ಇದೆ, ಹಡಗಿನ ಮರ ಕಿರುಗುಟ್ಟುವ ಸದ್ದಿನ ಜೊತೆ. ಬೇಸ್ ಕಲಿಯುವ ಹುಡುಗ ಅಲ್ಲಿಂದ ಶುರು ಮಾಡಲಿ. ನಿಧಾನವಾಗಿದೆ, ಎರಡು ಬೆರಳಿಗೆ ಅಭ್ಯಾಸ ಆಗುತ್ತದೆ. ಟ್ರೂಪರ್‌ಗೆ ಈಗಲೇ ಕೈ ಹಾಕುವುದು ಬೇಡ, ಮಣಿಕಟ್ಟು ನೋವು ತಂದುಕೊಳ್ಳುತ್ತಾನೆ. ಲಯ ತೋರಿಸುವ ಮೆಟ್ರೋನೋಮ್ ಯಂತ್ರವನ್ನು ನಿಮಿಷಕ್ಕೆ 80 ಏಟಿಗೆ ಇಟ್ಟು ತಾಕಿಟ ನುಡಿಸಲಿ, ಸಮ ಬಂದ ಮೇಲೆ ನಾಲ್ಕು ನಾಲ್ಕು ಏರಿಸಲಿ. ಮಂಡ್ಯ ಕಡೆ ಬಂದರೆ ಕರೆದುಕೊಂಡು ಬನ್ನಿ ಸರ್, ಡ್ರಮ್ಸ್ ಮನೆಯಲ್ಲೇ ಇದೆ, ಜೊತೆಗೆ ನುಡಿಸೋಣ.