ಕಾಕಾ ಕಳಿಸಿದ 85 ಪರ್ಸೆಂಟ್

(ನಮ್ಮ ‘ಹುಬ್ಬಳ್ಳಿ ಮನೆ’ ಗುಂಪು, ಭಾನುವಾರ ಬೆಳಿಗ್ಗೆ. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದು ಉಳಿದದ್ದನ್ನು ಹಾಕಿದ್ದೇನೆ.)

ಶಿವಪ್ಪ ಕಾಕಾ: “ಕಲ್ಲಿದ್ದಲು ಸ್ಥಾವರ 35%. ಗ್ಯಾಸ್ ಕೋಜನರೇಷನ್ 85%!! ಎಲ್ಲರಿಗೂ ಕಳಿಸಿ.” ನೋಡ್ರಿ, ಇಷ್ಟು ವರ್ಷ ಸುಮ್ನೆ ಕಲ್ಲಿದ್ದಲು ಸುಟ್ಟೆವು.

ಮಂಜು: ಬ್ಯಾಡಗಿ ಕೋಲ್ಡ್ ಸ್ಟೋರೇಜಿಗೆ ಗ್ಯಾಸ್ ಎಂಜಿನ್ ಮಾರೋಕೆ ಬಂದವನೂ ಇದನ್ನೇ ಹೇಳಿದ. ಹಾಕಿದ ಗ್ಯಾಸಿನಲ್ಲಿ 85 ಭಾಗ ಕರೆಂಟ್ ಆಗುತ್ತಂತೆ.

ಪ್ರವೀಣ: ತಡಿ ಮಂಜಣ್ಣ. ಬರೀ ಕರೆಂಟ್ ಅಲ್ಲ. ಕೋಜನರೇಷನ್ ಅಂದರೆ ಒಂದೇ ಇಂಧನದಿಂದ ಕರೆಂಟು, ಕಾವು ಎರಡನ್ನೂ ತೆಗೆಯೋದು. ಎರಡೂ ಕೂಡಿಸಿ 85.

ಶಿವಪ್ಪ ಕಾಕಾ: ಗುಜರಾತಿಗೆ ಹೋದಾಗಿಂದ ನಿಂದು ಎಲ್ಲದಕ್ಕೂ ಅಡ್ಡಮಾತು.

ಪ್ರವೀಣ: ದಿನಾ ಅದರ ಎದುರೇ ಕೂರುತ್ತೇನೆ ಕಾಕಾ. ನಮ್ಮಲ್ಲಿರೋದು 30 ಮೆಗಾವಾಟಿನ ಗ್ಯಾಸ್ ಟರ್ಬೈನ್. ಗ್ಯಾಸ್ ಉರಿದು ಟರ್ಬೈನ್ ತಿರುಗಿದರೆ ಸುಮಾರು 35 ಭಾಗ ಕರೆಂಟ್ ಆಯಿತು. ಹೊರಗೆ ಬರೋ ಹೊಗೆ ಆಗಲೂ 500 ಡಿಗ್ರಿ ದಾಟಿರುತ್ತೆ. ಅದನ್ನು ಬಾಯ್ಲರಿಗೆ ಬಿಟ್ಟು ಉಗಿ ಮಾಡುತ್ತೇವೆ. ಪಕ್ಕದ ಘಟಕ ಆ ಉಗಿ ತಗೊಂಡರೆ ಮಾತ್ರ ನಿಮ್ಮ 85.

ಸುನಂದಾ ಅತ್ತಿ: ಅವ್ವನ ಕೋಡೊಲೆ ಹಾಗೇ ಅಲ್ವಾ? ಮುಂದೆ ರೊಟ್ಟಿ, ಹಿಂದಿನ ಕೋಡಿನ ಮೇಲೆ ಬೇಳೆ. ಒಂದೇ ಕಟ್ಟಿಗೆ.

ಪ್ರವೀಣ: ಅದೇ ಅತ್ತಿ! ಬೇಳೆ ಇಡದಿದ್ದರೆ ಹಿಂದಿನ ಉರಿ ದಂಡ. ಹೋದ ತಿಂಗಳು ಉಗಿ ತಗೊಳ್ಳೋ ಘಟಕ ಎರಡು ದಿನ ನಿಂತಿತ್ತು. ಡ್ಯಾಂಪರ್ (ಹೊಗೆಯ ದಾರಿ ಬದಲಿಸೋ ಬಾಗಿಲು) ತಿರುಗಿಸಿ ಬಿಸಿಹೊಗೆಯನ್ನೆಲ್ಲ ಬೈಪಾಸ್ ಚಿಮಣಿಗೆ ಬಿಟ್ಟೆವು. ಚಿಮಣಿ ತುದಿಯಲ್ಲಿ ಗಾಳಿ ನಡುಗೋದು ಕಾಣುತ್ತಿತ್ತು. ಗ್ಯಾಸ್ ಮಾತ್ರ ಮೊದಲಿನಷ್ಟೇ ಉರಿಯುತ್ತಿತ್ತು.

ಮಂಜು: ಮತ್ತೆ ಯಲಹಂಕದಲ್ಲಿ 370 ಮೆಗಾವಾಟಿನ ಗ್ಯಾಸ್ ಸ್ಥಾವರ ಕಟ್ಟಿದ್ದಾರಲ್ಲ, ಅದರ ಉಗಿ ಯಾರಿಗೆ?

ಪ್ರವೀಣ: ಅದು ಕಂಬೈನ್ಡ್ ಸೈಕಲ್. ಉಗಿಯಿಂದ ಇನ್ನೊಂದು ಟರ್ಬೈನ್ ತಿರುಗಿಸಿ ಮತ್ತೆ ಕರೆಂಟನ್ನೇ ಮಾಡೋದು. ಹೊಸ ದೊಡ್ಡ ಯಂತ್ರಗಳು ಹಾಗೆ 60% ಮುಟ್ಟುತ್ತವೆ. ಬರೀ ಕರೆಂಟಿನಲ್ಲಿ 85 ಯಾರೂ ಕೊಡಲ್ಲ.

ಶಿವಪ್ಪ ಕಾಕಾ: ಸಕ್ಕರೆ ಕಾರ್ಖಾನೆಯವರೂ ಕೋಜನರೇಷನ್ ಅಂತಾರಲ್ಲೋ.

ಪ್ರವೀಣ: ಅವರಿಗೆ ರಸ ಕುದಿಸೋಕೆ ಉಗಿ ಬೇಕೇ ಬೇಕು. ಸುಡೋದು ಅವರದೇ ಕಬ್ಬಿನ ಸಿಪ್ಪೆ. ಮಂಜಣ್ಣ ಏನು ಕುದಿಸುತ್ತಾನೆ?

ಮಂಜು: ನನಗೆ ಕಾವು ಬೇಡ, ತಂಪು ಬೇಕು. ಮೆಣಸಿನಕಾಯಿ ಚೀಲ ಇಡೋನು ನಾನು.

ಪ್ರವೀಣ: ಕಾವಿನಿಂದ ತಂಪೂ ಮಾಡಬಹುದು. ಅಬ್ಸಾರ್ಪ್ಷನ್ ಚಿಲ್ಲರ್ ಅಂತ ಬರುತ್ತೆ. ಆದರೆ ಸಾಮಾನ್ಯವಾಗಿ ಸಿಗೋ ಲಿಥಿಯಂ ಬ್ರೋಮೈಡ್ ಯಂತ್ರದಲ್ಲಿ ನೀರೇ ತಂಪು ಮಾಡೋ ವಸ್ತು. ಸೊನ್ನೆ ಹತ್ತಿರ ಬಂದರೆ ನೀರು ಗಟ್ಟಿಯಾಗುತ್ತಲ್ಲ, ಅದಕ್ಕೇ ಎ.ಸಿ.ಗೆ ಸರಿ. ಇನ್ನೂ ತಂಪು ಬೇಕೆಂದರೆ ಅಮೋನಿಯಾದ್ದು ಬೇಕು. ಅದರ ರೇಟ್ ಕೇಳಿದೆಯಾ?

ಮಂಜು: ಅವನು ಚಿಲ್ಲರ್ ಮಾತೇ ಎತ್ತಲಿಲ್ಲ.

ಪ್ರವೀಣ: ಬೇಸಿಗೆ ಮಾತೂ ಎತ್ತಿರಲ್ಲ. ನಮ್ಮ ಟರ್ಬೈನಿನ 30 ಮೆಗಾವಾಟ್ ಅನ್ನೋದು 15 ಡಿಗ್ರಿ ಗಾಳಿಗೆ ಬರೆದ ಲೆಕ್ಕ. ಮೇ ಮಧ್ಯಾಹ್ನ ಬಿಸಿಗಾಳಿ ಹಗುರ, ಒಳಗೆ ಹೋಗೋ ತೂಕ ಕಡಿಮೆ. 42 ಡಿಗ್ರಿಯಲ್ಲಿ 25 ಬಂದರೆ ಪುಣ್ಯ. ನಿನ್ನ ಎಂಜಿನ್ ಇಷ್ಟು ಬೀಳಲ್ಲ, ಆದರೂ ಎಷ್ಟು ಡಿಗ್ರಿಗೆ ಎಷ್ಟು ಅಂತ ಬರೆಸಿಕೋ.

ಸುನಂದಾ ಅತ್ತಿ: ಗ್ಯಾಸಿನ ರೇಟೂ ಕೇಳು. ಹೊರದೇಶದಿಂದ ಹಡಗಿನಲ್ಲಿ ಬರೋದು, ಅಲ್ವಾ?

ಪ್ರವೀಣ: ಅರ್ಧದಷ್ಟು ಹಾಗೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರೇಟ್ ಮುಗಿಲು ಮುಟ್ಟಿತ್ತು. ದೇಶದಲ್ಲಿ 20 ಸಾವಿರ ಮೆಗಾವಾಟಿಗೂ ಹೆಚ್ಚು ಗ್ಯಾಸ್ ಸ್ಥಾವರಗಳಿವೆ. ಗ್ಯಾಸ್ ತುಟ್ಟಿ ಅಂತ ಅವುಗಳಲ್ಲಿ ಎಷ್ಟೋ ಖಾಲಿ ನಿಂತಿವೆ.

ಮಂಜು: ನಾಳೆ ಕರೆಂಟ್ ಬಿಲ್ ಕಳಿಸುತ್ತೇನೆ, ನೋಡಿ ಹೇಳು.

ಪ್ರವೀಣ: ಬಿಲ್ ಬೇಡ. ಯಾವ ಗಂಟೆಗೆ ಎಷ್ಟು ಲೋಡ್ ಅಂತ ಒಂದು ವಾರ ಮೀಟರ್ ನೋಡಿ ಬರೆದಿಡು.

ಶಿವಪ್ಪ ಕಾಕಾ: ಏನೇ ಅನ್ನು ತಮ್ಮಾ, 85 ಸುಳ್ಳಲ್ಲ ಅಂತ ನೀನೇ ಒಪ್ಪಿದೆಯಲ್ಲ?