ಹುವಾನ್ ಆಟ್ಕಿನ್ಸ್ ಇರೋ ಬ್ಯಾಂಡ್ ಬಿಟ್ಟು ಸ್ವಂತ ಲೇಬಲ್ ಮಾಡಿದ್ದು ಯಾಕೆ?

ಬೀಟ್‌ಹುಚ್ಚ:
ಟೆಕ್ನೋ (ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್) ಕೇಳೋರು ಇಲ್ಲಿ ಯಾರಾದ್ರೂ ಇದೀರಾ? ನಾನು ಇಷ್ಟು ದಿನ ಟೆಕ್ನೋ ಅಂದ್ರೆ ಬರ್ಲಿನ್ ಅಂದ್ಕೊಂಡಿದ್ದೆ, ಈಗ ಓದ್ತಾ ಹೋದ್ರೆ ಎಲ್ಲಾ ಡೆಟ್ರಾಯ್ಟ್‌ನ ಹುವಾನ್ ಆಟ್ಕಿನ್ಸ್ ಹತ್ರಾನೇ ಹೋಗಿ ನಿಲ್ಲುತ್ತೆ. ಒಂದು ವಿಷ್ಯ ಅರ್ಥ ಆಗ್ತಿಲ್ಲ. ಅವನದ್ದು ಸೈಬೋಟ್ರಾನ್ ಅಂತ ಗ್ರೂಪ್ ಇತ್ತು, ಕ್ಯಾಲಿಫೋರ್ನಿಯಾದ ಫ್ಯಾಂಟಸಿ ರೆಕಾರ್ಡ್ ಕಂಪನಿ ಜೊತೆ ಕಾಂಟ್ರಾಕ್ಟ್ ಇತ್ತು, 1983ರಲ್ಲಿ 'ಕ್ಲಿಯರ್' ಟ್ರ್ಯಾಕ್ ಬಂದು ಹೆಸರೂ ಆಯ್ತು, ಅಷ್ಟೆಲ್ಲಾ ಇದ್ದೂ 1985ರಲ್ಲಿ ಬಿಟ್ಟು ಬಂದು ಮೆಟ್ರೋಪ್ಲೆಕ್ಸ್ ಅಂತ ಸ್ವಂತ ಲೇಬಲ್ (ರೆಕಾರ್ಡ್ ಕಂಪನಿ) ಯಾಕೆ ಮಾಡ್ದ? ಆಗ ಇಂಟರ್ನೆಟ್ಟೂ ಇಲ್ಲ, ಅಪ್‌ಲೋಡ್ ಮಾಡಿ ಕೂತ್ಕೊಳೋಕೆ.

ಹಳೇಪ್ಲೇಟು:
ಜಗಳ ಮ್ಯೂಸಿಕ್ಕಿಂದೇ ಮಾರಾಯ. ಗ್ರೂಪಲ್ಲಿ ಇನ್ನೊಬ್ರು ರಿಕ್ ಡೇವಿಸ್, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವ್ರು, ವಯಸ್ಸಲ್ಲೂ ದೊಡ್ಡವ್ರು. ಇಬ್ರೂ ವಾಷ್ಟನಾ ಅನ್ನೋ ಕಮ್ಯುನಿಟಿ ಕಾಲೇಜಲ್ಲಿ ಪರಿಚಯ ಆದವ್ರು. ಡೇವಿಸ್‌ಗೆ ರಾಕ್ ಕಡೆ ಹೋಗೋಣ ಅಂತ, ಆಟ್ಕಿನ್ಸ್‌ಗೆ 'ಕ್ಲಿಯರ್' ಹಿಡಿದ ದಾರೀಲೇ ಮುಂದೆ ಹೋಗ್ಬೇಕು ಅಂತ. ಕೊನೆಗೆ ಗ್ರೂಪಿನ ಹೆಸರು ಡೇವಿಸ್ ಹತ್ರಾನೇ ಉಳೀತು, 90ರ ದಶಕದಲ್ಲಿ ಅವ್ರೊಬ್ರೇ ಅದೇ ಹೆಸರಲ್ಲಿ ಆಲ್ಬಂ ತಂದ್ರು.

ಆದ್ರೆ ಲೇಬಲ್ ಐಡಿಯಾ ಅವತ್ತು ಹುಟ್ಟಿದ್ದಲ್ಲ. 1981ರಲ್ಲಿ ಸೈಬೋಟ್ರಾನ್ ಮೊದಲ ರೆಕಾರ್ಡ್ 'ಆಲೀಸ್ ಆಫ್ ಯುವರ್ ಮೈಂಡ್' ಬಂದಿದ್ದೇ ಅವ್ರದ್ದೇ ಡೀಪ್ ಸ್ಪೇಸ್ ಅನ್ನೋ ಲೇಬಲ್‌ನಿಂದ. ರೇಡಿಯೋದಲ್ಲಿ ಎಲೆಕ್ಟ್ರಿಫೈಯಿಂಗ್ ಮೋಜೋ ಅಂತ ಒಬ್ಬ ಹುಚ್ಚು ಡಿಜೆ ಇದ್ದ, ಕ್ರಾಫ್ಟ್‌ವೆರ್ಕ್, ಪಾರ್ಲಿಮೆಂಟ್ ಬ್ಯಾಂಡ್‌ಗಳು, ಪ್ರಿನ್ಸ್ ಹಾಡು ಎಲ್ಲಾ ಒಂದೇ ರಾತ್ರೀಲಿ ಹಾಕ್ತಿದ್ದ, ಇವ್ರದ್ದನ್ನೂ ಹಾಕಿದ, ಊರಲ್ಲೇ ಸಾವಿರಗಟ್ಲೆ ಕಾಪಿ ಹೋಯ್ತು. ಕಂಪನಿ ಇಲ್ದೇನೂ ಮಾರಬಹುದು ಅಂತ ಹುಡುಗನಿಗೆ ಇಪ್ಪತ್ತು ತುಂಬೋ ಮೊದ್ಲೇ ಗೊತ್ತಾಗಿತ್ತು, ನನ್ ಪ್ರಕಾರ ನಿನ್ ಪ್ರಶ್ನೆಗೆ ಉತ್ತರ ಅದೇ. ಅಂದಹಾಗೆ ಆಟ್ಕಿನ್ಸ್‌ನ ಮೊದಲ ಸಿಂತಸೈಜರ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಕೋರ್ಗ್ ಎಂಎಸ್-10, ಕೊಡ್ಸಿದ್ದು ಅಜ್ಜಿ!

ಚಳಿ_ಮಿಶಿಗನ್:
ನಾನು ಡೆಟ್ರಾಯ್ಟ್ ಪಕ್ಕಾನೇ ಇರೋದು. ಬೆಲ್‌ವಿಲ್ ಅನ್ನೋದು ಏರ್‌ಪೋರ್ಟ್ ದಾಟಿ ಪಶ್ಚಿಮಕ್ಕೆ ಹೋದ್ರೆ ಸಿಗೋ ಸಣ್ಣ ಊರು, ಕೆರೆ ಇದೆ, ಮನೆಗಳಿವೆ, ನೋಡಿದ್ರೆ ಇಲ್ಲಿಂದ ಟೆಕ್ನೋ ಬಂತು ಅಂತ ಯಾರೂ ನಂಬಲ್ಲ. ಟೆಕ್ನೋ ಶುರು ಮಾಡಿದ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂರೂ ಜನ ಅಲ್ಲಿನ ಸ್ಕೂಲಲ್ಲೇ ಸಿಕ್ಕಿದ್ದು. ಆಮೇಲೆ ಆಟ್ಕಿನ್ಸ್‌ನ ಮೆಟ್ರೋಪ್ಲೆಕ್ಸ್, ಮೇಯ ಟ್ರಾನ್ಸ್‌ಮ್ಯಾಟ್, ಸಾಂಡರ್ಸನ್‌ನ ಕೆಎಂಎಸ್ ಮೂರು ಲೇಬಲ್ಲೂ ಡೌನ್‌ಟೌನ್‌ನ ಈಸ್ಟರ್ನ್ ಮಾರ್ಕೆಟ್ ಹತ್ರ ಗ್ರ್ಯಾಷಿಯಟ್ ರಸ್ತೇಲಿ ಅಕ್ಕಪಕ್ಕ. ಈಸ್ಟರ್ನ್ ಮಾರ್ಕೆಟ್ ಅಂದ್ರೆ ತರಕಾರಿ, ಹೂವು, ಮಾಂಸದ ಹೋಲ್‌ಸೇಲ್ ಜಾಗ, ನಮ್ ಕೆ.ಆರ್. ಮಾರ್ಕೆಟ್ ಮಹಡಿ ಮೇಲೆ ರೆಕಾರ್ಡ್ ಕಂಪನಿ ಇಟ್ಟಂಗೆ. ನಾವಿಲ್ಲಿ ಶನಿವಾರ ಸೊಪ್ಪು ತರೋಕೆ ಹೋಗ್ತೀವಿ 😄

ಮಾರಾಟದ ಕಥೆ ಇನ್ನೂ ಮಜಾ. ಡೆರಿಕ್ ಮೇ ತಾಯಿ ಶಿಕಾಗೋಗೆ ಹೋಗಿ ಸೆಟ್ಲ್ ಆಗಿದ್ರು, ಇವ್ನು ಅಮ್ಮನ್ನ ನೋಡೋಕೆ ಹೋಗ್ತಾ ಅಲ್ಲಿನ ಡಿಜೆಗಳಿಗೆ, ಅಂಗಡಿಗಳಿಗೆ ರೆಕಾರ್ಡ್ ಕೊಟ್ಟು ಬರ್ತಿದ್ದ. ಮಾಡೆಲ್ 500 ಹೆಸರಲ್ಲಿ ಆಟ್ಕಿನ್ಸ್ ತಂದ 'ನೋ ಯುಎಫ್‌ಓಸ್', ಮೆಟ್ರೋಪ್ಲೆಕ್ಸ್‌ನ ಮೊದಲ ರೆಕಾರ್ಡ್, ಶಿಕಾಗೋದಲ್ಲಿ ಚೆನ್ನಾಗಿ ಓಡ್ತು.

ಲೆಕ್ಕದ_ಮೇಷ್ಟ್ರು:
ಎಲ್ಲಾ ಸರಿ, ಆದ್ರೆ ಸ್ವಂತ ಲೇಬಲ್ ಮಾಡಿದ ತಕ್ಷಣ ಗೆದ್ದ ಅಂತ ಕಥೆ ಕಟ್ಬೇಡಿ. 1988ರಲ್ಲಿ ಟೆಕ್ನೋ ಅನ್ನೋ ಹೆಸರು ಜಗತ್ತಿಗೆ ಗೊತ್ತಾಗಿದ್ದು ಇಂಗ್ಲೆಂಡ್‌ನ ನೀಲ್ ರಶ್ಟನ್ ವರ್ಜಿನ್ ಕಂಪನಿಯ 10 ರೆಕಾರ್ಡ್ಸ್‌ನಿಂದ ತಂದ, ಡೆಟ್ರಾಯ್ಟ್‌ನ ಹಲವರ ಟ್ರ್ಯಾಕ್ ಸೇರಿಸಿದ ಕಂಪೈಲೇಶನ್‌ನಿಂದ. ಅದಕ್ಕೆ ಮೊದ್ಲು ಡೆಟ್ರಾಯ್ಟ್‌ನ ಹೌಸ್ ಸೌಂಡ್ (ಹೌಸ್ ಅಂದ್ರೆ ಶಿಕಾಗೋದ ಡ್ಯಾನ್ಸ್ ಮ್ಯೂಸಿಕ್) ಅಂತ ಹೆಸರಿಡೋಕೆ ಹೊರಟಿದ್ರು, ಆಟ್ಕಿನ್ಸ್ 'ಟೆಕ್ನೋ ಮ್ಯೂಸಿಕ್' ಅಂತ ಟ್ರ್ಯಾಕ್ ಕೊಟ್ಟಿದ್ದಕ್ಕೆ ಟೈಟಲ್ಲೇ ಬದಲಾಯ್ತು. ಅದರಲ್ಲಿ ದೊಡ್ಡ ಹಿಟ್ ಆಗಿದ್ದು ಮಾತ್ರ ಸಾಂಡರ್ಸನ್‌ನ ಇನ್ನರ್ ಸಿಟಿ ಗ್ರೂಪಿನ ಹಾಡು. ಆಟ್ಕಿನ್ಸ್ ತನ್ನ 'ಡೀಪ್ ಸ್ಪೇಸ್' ಆಲ್ಬಂ 1995ರಲ್ಲಿ ಬೆಲ್ಜಿಯಂನ ಆರ್ ಅಂಡ್ ಎಸ್ ಲೇಬಲ್‌ಗೆ ಕೊಟ್ಟ, ಸ್ವಂತ ಲೇಬಲ್ ಇದ್ದಾಗ್ಲೂ. ರೆಕಾರ್ಡ್ ಅಚ್ಚು ಹಾಕ್ಸೋ ಖರ್ಚು, ಡಿಸ್ಟ್ರಿಬ್ಯೂಶನ್, ಅಂಗಡಿಯಿಂದ ವಾಪಸ್ ಬರೋ ದುಡ್ಡು, ಇದೆಲ್ಲಾ ಒಬ್ಬನೇ ನೋಡ್ಕೊಂಡು ಮ್ಯೂಸಿಕ್ಕೂ ಮಾಡೋದು ತಮಾಷೆ ಅಲ್ಲ.

ಹಳೇಪ್ಲೇಟು:
ಮೇಷ್ಟ್ರೇ ಒಪ್ದೆ, ಆದ್ರೆ ಸಾಂಡರ್ಸನ್‌ನ ಮೊದಲ ರೆಕಾರ್ಡ್, ಕ್ರೀಮ್ ಅನ್ನೋ ಹೆಸರಿಂದು, ಬಂದಿದ್ದು ಎಲ್ಲಿಂದ? ಮೆಟ್ರೋಪ್ಲೆಕ್ಸ್. ಡೆಟ್ರಾಯ್ಟ್‌ನ ಇನ್ನೊಬ್ಬ ಎಡ್ಡಿ ಫೌಲ್ಕ್ಸ್‌ದೂ ಅಲ್ಲೇ. ಲೇಬಲ್ ನಡ್ಸೋದು ಹೇಗೆ ಅಂತ ಆಟ್ಕಿನ್ಸ್‌ನ ನೋಡಿ ಕಲ್ತು ಅವ್ರವ್ರ ಅಂಗಡಿ ಹಾಕ್ಕೊಂಡ್ರು. ಇದನ್ನ ಬ್ಯಾಂಕ್ ಬ್ಯಾಲೆನ್ಸಲ್ಲಿ ಹುಡುಕಿದ್ರೆ ಸಿಗಲ್ಲ.

ಬೀಟ್‌ಹುಚ್ಚ:
ಥ್ಯಾಂಕ್ಸ್ ಎಲ್ಲರಿಗೂ. ಈಗ ಏನ್ ಮಾಡ್ತಿದಾನೆ? ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಚಳಿ_ಮಿಶಿಗನ್:
ಸೈಬೋಟ್ರಾನ್ ಮತ್ತೆ ಎಬ್ಸಿದಾನೆ, 2023ರಲ್ಲಿ ಬರ್ಲಿನ್‌ನ ಟ್ರೆಸರ್ ಲೇಬಲ್‌ನಿಂದ ಹೊಸ ರೆಕಾರ್ಡ್ ಬಂತು. ಮೊದ್ಲು 'ಕ್ಲಿಯರ್', ಆಮೇಲೆ 'ನೋ ಯುಎಫ್‌ಓಸ್', ಹೆಡ್‌ಫೋನ್ ಹಾಕ್ಕೊಂಡು ಕೇಳು, ಫೋನ್ ಸ್ಪೀಕರಲ್ಲಿ ಬೇಸ್ ಸಿಗಲ್ಲ.